ಪ್ರೌಢಶಾಲೆಗಳಲ್ಲಿ ಜೀವಶಾಸ್ತ್ರದ ಪಾಠ

ಕಳೆದ ಶ್ರಾವಣದಲ್ಲಿ ಧಾರವಾಡ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ಹೋಗುವ ಪ್ರಸಂಗ ನಮಗೆ ಒದಗಿತು. ಊರಿನ ಹೆಸರು ಇಲ್ಲಿ ಬೇಕಾಗಿಲ್ಲ. ಅಂತಹ ಶಾಲೆಗಳು ನಾಡಿನ ತುಂಬ ಇವೆ. ಎಂಟನೆಯ ತರಗತಿಯಲ್ಲಿ ವಿಜ್ಞಾನದ ಪಾಠ ನಡೆದಿತ್ತು. ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳು ನೆಲಸಿ, ಗಾಳಿಯೊಳಗಿನ ಸಾರಜನಕವನ್ನು ಸ್ಥಿರೀಕರಿಸುತ್ತವೆಂಬುದನ್ನು ಒಬ್ಬ ಹುಡುಗನು ಎದ್ದು ನಿಂತು ಒಂದಕ್ಷರ ತಪ್ಪದಂತೆ ಒಪ್ಪಿಸಿದನು. ಶಾಲೆಯ ಗೋಡೆಯಾಚೆಗೆ ಶೇಂಗಾದ ಹೊಲವಿತ್ತು. ಅದು ಆ ಹುಡುಗನ ಮನೆಯವರದೇ ಎಂದು ಆಮೇಲೆ ತಿಳಿಯಿತು. "ತಮ್ಮಾ, ಆ ಗಂಟುಗಳನ್ನು ನೀನು ಎಂದಾದರೂ ನೋಡಿರುವೆಯಾ?" ಎಂದು ಕೇಳಿದೆವು. ಅವನು ಕ್ಷಣಹೊತ್ತು ಯೋಚಿಸಿ, "ನಮ್ಮ ಹೊಲದಾಗ ಶೇಂಗಾ ಅದಾವ್ರಿ ಸರ. ರೈಜೋಬಿಯಂ ಪುಸ್ತಕದಾಗ ಐತ್ರಿ" ಎಂದನು.

ತರಗತಿ ಗೊಳ್ಳೆಂದು ನಕ್ಕಿತು. ನಮಗೆ ಮಾತ್ರ ನಗು ಬರಲಿಲ್ಲ. ಹುಡುಗನು ಹೇಳಿದ್ದು ಸತ್ಯವಾದ ಮಾತು. ನಮ್ಮ ಪ್ರೌಢಶಾಲೆಗಳಲ್ಲಿ ಜೀವಶಾಸ್ತ್ರವು ಯಾವ ಸ್ಥಿತಿಯಲ್ಲಿದೆಯೆಂಬುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ನಮ್ಮಿಂದಲೂ ಆಗದು. ಶೇಂಗಾ ಹೊಲದಲ್ಲಿದೆ, ಶಾಸ್ತ್ರ ಪುಸ್ತಕದಲ್ಲಿದೆ, ನಡುವೆ ಒಂದು ಗೋಡೆಯಿದೆ.

ಒಂದು ಕಾಲಕ್ಕೆ ಕನ್ನಡಿಗರ ಮಕ್ಕಳು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಬೇರೆ ಬೇರೆ ಸರಕಾರಗಳ ಶಾಲೆಗಳಲ್ಲಿ ಬೇರೆ ಬೇರೆ ಪುಸ್ತಕಗಳನ್ನು ಓದುತ್ತಿದ್ದರು. 1956ನೆಯ ಇಸವಿ ನವೆಂಬರ 1ರಂದು ಆ ಗಡಿಗಳು ಅಳಿದವು. ಇಂದು ಬೀದರದಿಂದ ಚಾಮರಾಜನಗರದವರೆಗೆ ರಾಜ್ಯದ ಪಠ್ಯಕ್ರಮದ ಶಾಲೆಗಳಲ್ಲಿ ಕನ್ನಡದ ಮಕ್ಕಳು ಒಂದೇ ವಿಜ್ಞಾನದ ಪುಸ್ತಕವನ್ನು ಓದುತ್ತಾರೆ. ಇದು ಸಾಮಾನ್ಯವಾದ ಲಾಭವಲ್ಲ. ಆದರೆ ಇನ್ನೊಂದು ಗಡಿ ಹಾಗೆಯೇ ಉಳಿದಿದೆ. ಅದು ಪುಸ್ತಕದ ಕನ್ನಡಕ್ಕೂ ಹೊಲದ ಕನ್ನಡಕ್ಕೂ ನಡುವಣ ಗಡಿ. ಧಾರವಾಡದ ಶೇಂಗಾ, ಮೈಸೂರಿನ ಕಡಲೆಕಾಯಿ, ಮಂಗಳೂರಿನ ನೆಲಗಡಲೆ ಈ ಮೂರೂ ಒಂದೇ ಗಿಡವೆಂದು ಮಕ್ಕಳಿಗೆ ತೋರಿಸಿಕೊಡುವವರು ಯಾರು? ಮತ್ತು ಆ ಗಿಡವೇ ಪುಸ್ತಕದ 'ದ್ವಿದಳ ಸಸ್ಯ' ಎಂದು ಕೈಯಲ್ಲಿಟ್ಟು ಹೇಳುವವರು ಯಾರು? ಈ ಏಕೀಕರಣವನ್ನು ಯಾವ ಶಾಸನವೂ ಮಾಡಲಾರದು. ಅದನ್ನು ಮಾಡಬೇಕಾದವರು ವಿಜ್ಞಾನದ ಉಪಾಧ್ಯಾಯರು.

ಈ ಅವಸ್ಥೆಗೆ ಕನ್ನಡವೇ ಕಾರಣವೆಂದು ಹೇಳುವವರುಂಟು. 'ದ್ಯುತಿಸಂಶ್ಲೇಷಣೆ', 'ಪತ್ರಹರಿತ್ತು' ಮೊದಲಾದ ಶಬ್ದಗಳನ್ನು ತೋರಿಸಿ, ಇದಕ್ಕಿಂತ ಇಂಗ್ಲಿಷೇ ಸುಲಭವಲ್ಲವೆ ಎನ್ನುತ್ತಾರೆ. ಶಬ್ದಗಳು ಕಠಿಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಸ್ತುವನ್ನು ಕಾಣದವನಿಗೆ ಯಾವ ಭಾಷೆಯ ಶಬ್ದವಾದರೂ ಕಠಿಣವೇ. ಎಲೆಯನ್ನು ಮದ್ಯಸಾರದಲ್ಲಿ ಕುದಿಸಿ ಹಸಿರು ಬಣ್ಣ ಇಳಿದುಹೋಗುವುದನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗಿಗೆ ಪತ್ರಹರಿತ್ತು ಎಂಬುದು ಮತ್ತೆ ಮರೆಯುವ ಮಾತಲ್ಲ. ಬಿಳಿಚಿಕೊಂಡ ಆ ಎಲೆಯ ಮೇಲೆ ಅಯೋಡಿನ್ನಿನ ಹನಿ ಬಿದ್ದು ಕಡುನೀಲಿಯಾದಾಗ, ಬಿಸಿಲಿನಲ್ಲಿ ಎಲೆಯು ಪಿಷ್ಟವನ್ನು ಕಟ್ಟಿದೆಯೆಂಬುದು ಅವಳಿಗೆ ಹೇಳದೆಯೂ ತಿಳಿಯುತ್ತದೆ. ಮೊದಲು ನೋಟ, ಆಮೇಲೆ ಹೆಸರು. ನಮ್ಮಲ್ಲಿ ಈ ಕ್ರಮ ತಿರುಗುಮುರುಗಾಗಿದೆ.

ಕನ್ನಡದಲ್ಲಿ ಈ ಶಾಸ್ತ್ರವನ್ನು ಹೇಳಲು ಬಾರದೆಂಬ ಮಾತನ್ನಂತೂ ನಮ್ಮ ಹಿರಿಯರು ಎಂದೋ ಸುಳ್ಳುಮಾಡಿದ್ದಾರೆ. 1918-19ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಬೆಂಗಳೂರಿನಿಂದ 'ವಿಜ್ಞಾನ'ವೆಂಬ ಪತ್ರಿಕೆಯನ್ನು ನಡೆಸಿದರು. 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನು ಹೊರತಂದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಮೇಡುಗಳನ್ನು ಅಲೆದ ಕಥೆಯೇ 'ಹಸುರು ಹೊನ್ನು'. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ದೊರೆಯಿತು. ಗಿಡದ ಮುಂದೆ ನಿಂತು ಪಾಠ ಹೇಳಿದ ಗುರುವಿನ ಕನ್ನಡ ಎಷ್ಟು ರಸವತ್ತಾಗಿರುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಾಡಿನ ಹೊರಗಣ ಇನ್ನೊಂದು ನಿದರ್ಶನವನ್ನೂ ವಾಚಕರು ನೆನೆಯಬೇಕು. ಸಸ್ಯಗಳ ಪ್ರತಿಕ್ರಿಯೆಗಳನ್ನು ಸೂಕ್ಷ್ಮ ಯಂತ್ರಗಳಿಂದ ಅಳೆದು ತೋರಿಸಿದ ಜಗದೀಶಚಂದ್ರ ಬೋಸರನ್ನು ಅವರ ತಂದೆಯವರು ಮೊದಲು ಹಾಕಿದ್ದು ಬಂಗಾಳಿ ಪಾಠಶಾಲೆಗೆ. ಅಲ್ಲಿ ಮೀನುಗಾರರ ಮಕ್ಕಳ ಜೊತೆಯಲ್ಲಿ ಕುಳಿತು ಕೇಳಿದ ಹಕ್ಕಿಗಳ, ಪ್ರಾಣಿಗಳ, ಜಲಚರಗಳ ಕಥೆಗಳಿಂದಲೇ ನಿಸರ್ಗವನ್ನು ಶೋಧಿಸುವ ಆಸೆ ತಮ್ಮಲ್ಲಿ ಹುಟ್ಟಿರಬೇಕೆಂದು ಅವರು 1915ರ ಒಂದು ಭಾಷಣದಲ್ಲಿ ಸ್ಮರಿಸಿಕೊಂಡರು. ಅಂತಹ ಕಥೆಗಳನ್ನು ಹೊತ್ತ ಮಕ್ಕಳು ನಮ್ಮ ತರಗತಿಗಳಲ್ಲಿಯೂ ಕುಳಿತಿದ್ದಾರೆ. ಅವರನ್ನು ಕೇಳುವವರಿಲ್ಲ.

ಹಾಗಾದರೆ ಪಾಠ ಹೇಗಿರಬೇಕು? ಆ ಶೇಂಗಾದ ಹೊಲಕ್ಕೇ ಮರಳೋಣ. ಒಡೆಯನ ಅಪ್ಪಣೆ ಪಡೆದು, ನಾಲ್ಕು ಮಕ್ಕಳಿಗೆ ಒಂದರಂತೆ ಗಿಡಗಳನ್ನು ಮಣ್ಣು ಸಡಿಲಿಸಿ ಮೆಲ್ಲನೆ ಕೀಳಿಸಬೇಕು. ಬಕೆಟ್ಟಿನ ನೀರಿನಲ್ಲಿ ಬೇರನ್ನು ತೊಳೆದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಕೆಂಪು ಎಲ್ಲಿಂದ ಬಂತೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಬಂಧುವಾದ ವಸ್ತುವೊಂದು ಅಲ್ಲಿದೆ. ಸಾರಜನಕವನ್ನು ಕಟ್ಟುವ ಕೆಲಸಕ್ಕೆ ಆಮ್ಲಜನಕವು ಹೆಚ್ಚಾದರೆ ಕೇಡು. ಆದುದರಿಂದ ಅದನ್ನು ಹಿಡಿದು ಅಳತೆಯಾಗಿ ಒದಗಿಸುವ ಭಂಡಾರಿ ಈ ಕೆಂಪು ವಸ್ತು ಎಂದು ಆಗ ಹೇಳಬಹುದು. ಗಿಡಕ್ಕೂ ತನಗೂ ಇರುವ ನಂಟನ್ನು ಆ ದಿನ ಕಂಡ ಮಗು ಜೀವವೆಲ್ಲ ಒಂದು ಕುಟುಂಬವೆಂಬ ಮಾತನ್ನು ಉಪದೇಶದಿಂದ ಕಲಿಯಬೇಕಾಗಿಲ್ಲ.

ಅದೇ ಗಿಡದಲ್ಲಿ ಇನ್ನೊಂದು ಪಾಠವಿದೆ. ಶೇಂಗಾ ಮಣ್ಣಿನೊಳಗೆ ಸಿಗುತ್ತದೆ. ಹಾಗಿದ್ದರೆ ಅದು ಬೇರೋ ಕಾಯೋ? ಈ ಪ್ರಶ್ನೆಯನ್ನು ಹಾಕಿ ಸುಮ್ಮನೆ ನಿಲ್ಲಬೇಕು. ಹಳದಿಯ ಹೂವು ನೆಲದ ಮೇಲೆ ಅರಳಿ ಬಾಡುವುದನ್ನೂ, ಫಲ ಕಟ್ಟಿದ ಬಳಿಕ ಅದರ ಬುಡದಿಂದ ಸೂಜಿಯಂತಹ ತೊಟ್ಟೊಂದು ಕೆಳಮುಖವಾಗಿ ಬೆಳೆದು ಮಣ್ಣನ್ನು ಹೊಗುವುದನ್ನೂ, ಅದರ ತುದಿಯೇ ಒಳಗೆ ಕಾಯಾಗುವುದನ್ನೂ ಮಕ್ಕಳೇ ಹುಡುಕಿ ಕಾಣಲಿ. ಸೂಜಿಗಳು ನೆಲಕ್ಕಿಳಿಯತೊಡಗಿದ ಮೇಲೆ ಎಡೆಕುಂಟೆ ಹೊಡೆಯಬಾರದೆಂಬುದು ಒಕ್ಕಲಿಗನಿಗೆ ಗೊತ್ತು. ಅದರ ಕಾರಣವು ಅವನ ಮಗನಿಗೆ ಅಂದು ತಿಳಿಯುತ್ತದೆ. ಪರಾಗಸ್ಪರ್ಶ, ಫಲೀಕರಣ, ಸಹಜೀವನ ಎಂಬ ಮೂರು ಅಧ್ಯಾಯಗಳ ಶಬ್ದಗಳು ಒಂದೇ ಗಿಡದಲ್ಲಿ ಜೀವ ತಳೆಯುತ್ತವೆ. ಇಷ್ಟಕ್ಕೆ ತಗಲುವ ವೆಚ್ಚ ಒಂದು ಬಕೆಟ್ಟು ನೀರು.

ಪಟ್ಟಣದ ಶಾಲೆಗೆ ಹೊಲವೆಲ್ಲಿಂದ ತರೋಣ ಎಂದು ನಗರವಾಸಿಗಳು ಕೇಳಬಹುದು. ಪಟ್ಟಣದಲ್ಲಿ ಸೊಳ್ಳೆಗಳಿಗೆ ಬರವೆ? 1883ರ ಸುಮಾರಿಗೆ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಎಂಬವರು ತಮ್ಮ ಬಂಗಲೆಯ ಕಿಟಕಿಯ ಬಳಿಯ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನು ಕಂಡು, ಅದನ್ನು ಬೋರಲು ಹಾಕಿಸಿ ಕಾಟವನ್ನು ಕಳೆದುಕೊಂಡರು. ಅದೇ ರಾಸರು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡುಹಿಡಿದರು. ತೊಟ್ಟಿಯ ಹುಳುಗಳನ್ನು ಗಾಜಿನ ಶೀಸೆಯಲ್ಲಿ ತುಂಬಿ ಬಾಯಿಗೆ ತೆಳುಬಟ್ಟೆ ಕಟ್ಟಿ ತರಗತಿಯಲ್ಲಿಟ್ಟರೆ, ಹುಳು ಕೋಶವಾಗಿ, ಕೋಶ ಸೊಳ್ಳೆಯಾಗಿ ಹಾರುವುದನ್ನು ಮಕ್ಕಳು ಕೆಲವೇ ದಿನಗಳಲ್ಲಿ ನೋಡುತ್ತಾರೆ. ಹಾಗೆ ನೋಡಿದವರು ಮನೆಗೆ ಹೋಗಿ ಡ್ರಮ್ಮಿನ ಮುಚ್ಚಳ ಹಾಕುತ್ತಾರೆ. ಡೆಂಗೆಯ ಸೊಳ್ಳೆ ಮನೆಯ ಶೇಖರಣೆಯ ತಿಳಿನೀರಿನಲ್ಲಿಯೇ ಬೆಳೆಯುವುದೆಂದು ಗೋಡೆಗೆ ಅಂಟಿಸಿದ ಪ್ರಕಟಣೆಯಿಂದ ಆಗದ ಕೆಲಸ ಆ ಶೀಸೆಯಿಂದ ಆಗುತ್ತದೆ. ಹಾಗೆಯೇ ಮಲೆನಾಡಿನ ಶಾಲೆಗಳಿಗೆ ಉಣ್ಣೆಯ ಪಾಠ ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಉಣ್ಣೆ. ಸತ್ತ ಮಂಗನನ್ನು ಕಂಡರೆ ಮುಟ್ಟದೆ ದೂರ ನಿಂತು ಆರೋಗ್ಯದವರಿಗೆ ಸುದ್ದಿ ಮುಟ್ಟಿಸಬೇಕೆಂಬ ತಿಳಿವಳಿಕೆ ಅಲ್ಲಿಯ ಮಗುವಿಗೆ ಅಂಕಗಳಿಗಿಂತ ಹೆಚ್ಚಿನದು. ಅದು ಪ್ರಾಣದ ಮಾತು.

ಇನ್ನೊಂದು ವಿಷಯವನ್ನು ನಾವು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹತ್ತನೆಯ ತರಗತಿಯಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಬಂದೊಡನೆ, ಹೂವಿನ ಭಾಗವನ್ನು ವಿಸ್ತಾರವಾಗಿ ಹೇಳಿ, ಮನುಷ್ಯನ ಭಾಗವನ್ನು "ಮನೆಯಲ್ಲಿ ಓದಿಕೊಳ್ಳಿರಿ" ಎಂದು ದಾಟಿಸುವ ರೂಢಿ ಹಲವು ಕಡೆ ಇದೆ. ಮನೆಯಲ್ಲಿ ಅದನ್ನು ಹೇಳುವವರಾರು? ತನ್ನ ದೇಹದಲ್ಲಿ ಆಗುತ್ತಿರುವ ಮಾರ್ಪಾಟು ರೋಗವೋ ಪಾಪವೋ ಎಂದು ಅಂಜುತ್ತಿರುವ ಹದಿನಾಲ್ಕು ವರ್ಷದ ಹುಡುಗಿಗೆ ಅದು ಪ್ರಕೃತಿಯ ಸಹಜಧರ್ಮವೆಂದು ಸ್ಪಷ್ಟವಾದ ಕನ್ನಡದಲ್ಲಿ ಹೇಳಬಲ್ಲ ಸ್ಥಳ ಶಾಲೆಯೊಂದೇ. ಅಲ್ಲಿಯೂ ಗುರುಗಳು ಮುಖ ತಿರುಗಿಸಿದರೆ ಅವಳು ಅಜ್ಞಾನದ ಕೈಗೆ ಸಿಕ್ಕುವಳು. ಮರ್ಯಾದೆಯಿಂದ ಹೇಳಿದ ಸತ್ಯದಿಂದ ಯಾವ ಮಗುವೂ ಕೆಡುವುದಿಲ್ಲ.

ಉಪಾಧ್ಯಾಯರ ತೊಂದರೆಗಳು ನಮಗೆ ತಿಳಿಯದವಲ್ಲ. ಪಾಠಗಳು ಹೆಚ್ಚು, ಅವಧಿಗಳು ಕಡಿಮೆ. ರಸಾಯನಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಒಬ್ಬರೇ ಹೊರಬೇಕು. ಮೇಲೆ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದ ಬೆದರಿಕೆ. ಸೂಕ್ಷ್ಮದರ್ಶಕವು ಒಡೆದರೆ ಯಾರು ಹೊಣೆಯೆಂಬ ಭಯದಿಂದ ಅದು ಕಪಾಟಿನಲ್ಲಿಯೇ ಧೂಳು ತಿನ್ನುತ್ತದೆ. ಇಷ್ಟೆಲ್ಲ ನಿಜ. ಆದರೂ ನಾವು ಕೇಳುವುದು ವಾರಕ್ಕೆ ಒಂದೇ ಅವಧಿ. ಒಂದು ವಾರ ದಾಸವಾಳದ ಹೂ. ಒಂದು ವಾರ ಈರುಳ್ಳಿಯ ಪೊರೆ. ಒಂದು ವಾರ ಕೆಂಪು ಶಾಯಿಯ ನೀರಿನಲ್ಲಿಟ್ಟ ಸುಗಂಧರಾಜ. ಬಿಳಿಯ ಹೂವು ಕೆಂಪೇರುವುದನ್ನು ಕಂಡವನಿಗೆ ನೀರು ಕಾಂಡದಲ್ಲಿ ಏರುವ ಬಗೆಯನ್ನು ಹತ್ತು ಸಲ ಬರೆಯಿಸಬೇಕಾಗಿಲ್ಲ. ಅಲ್ಲಿ ಕಳೆದ ಹೊತ್ತು ಬಾಯಿಪಾಠದಲ್ಲಿ ಉಳಿಯುತ್ತದೆ.

ತಂದೆತಾಯಿಗಳಿಗೂ ಒಂದು ಮಾತು. ಪಿ.ಯು.ಸಿ. ವಿಜ್ಞಾನವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ, ಕನ್ನಡದಲ್ಲಿ ಓದಿದ ನಮ್ಮ ಮಗು ಹಿಂದೆ ಬೀಳುವುದೆಂದು ಅವರು ಅಂಜುತ್ತಾರೆ. 2017ರಲ್ಲಿ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಬಂದಿತಾದರೂ, ಅಲ್ಲಿಗೆ ಹೋಗುವ ದಾರಿ ಇಂಗ್ಲಿಷಿನದಾಗಿರುವಾಗ ಭಯ ನಿರಾಧಾರವೆನ್ನಲಾರೆವು. ಆದರೆ ಯೋಚಿಸಿ ನೋಡಬೇಕು. ವಸ್ತುವನ್ನು ಕಂಡು ಕಲಿತ ಮಗುವಿಗೆ ಕಾಲೇಜಿನಲ್ಲಿ ಹೊಸದಾಗುವುದು ಹೆಸರು ಮಾತ್ರ. ಹೆಸರನ್ನೇ ಉರುಹಚ್ಚಿದ ಮಗುವಿಗೆ ಹೆಸರು ಬದಲಾದ ದಿನ ಎಲ್ಲವೂ ಹೋಗುತ್ತದೆ. ಪ್ರತಿ ಪಾಠದ ಕೊನೆಯಲ್ಲಿ ಕನ್ನಡದ ಶಬ್ದದ ಪಕ್ಕದಲ್ಲಿ ಇಂಗ್ಲಿಷ್ ಶಬ್ದವನ್ನೂ, ಊರಿನಲ್ಲಿ ಆಡುವ ಹೆಸರನ್ನೂ ಮಕ್ಕಳಿಂದಲೇ ಬರೆಯಿಸಿದರೆ ಈ ಭಯ ಅರ್ಧ ಇಳಿಯುತ್ತದೆ.

ಕಡೆಯದಾಗಿ ನಮ್ಮ ಬೇಡಿಕೆಗಳು ಇಷ್ಟೆ. ಶಿಕ್ಷಣ ಇಲಾಖೆಯು ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲನ್ನು ಮಗುವು ಕಣ್ಣಾರೆ ನೋಡಿ ಬರೆದ ಟಿಪ್ಪಣಿಗೆ ಕಟ್ಟಿಡಲಿ. ಉಪಕರಣ ಒಡೆದ ಉಪಾಧ್ಯಾಯನನ್ನು ದಂಡಿಸದೆ, ಅದನ್ನು ಮುಟ್ಟದವನನ್ನು ಪ್ರಶ್ನಿಸಲಿ. ಊರಿನ ಹಿರಿಯರು ಶಾಲೆಯ ಮಕ್ಕಳಿಗೆ ತಮ್ಮ ಹೊಲ, ತೋಟ, ಕೆರೆಯ ದಂಡೆಗಳನ್ನು ತೆರೆದಿಡಲಿ. ಶಿಕ್ಷಕ ಬಂಧುಗಳು ಬರುವ ಸೋಮವಾರ ಒಂದೇ ಒಂದು ಅವಧಿಗೆ ಪುಸ್ತಕವನ್ನು ಮುಚ್ಚಿ, ಮಕ್ಕಳೊಡನೆ ಹೊರಗೆ ನಡೆಯಲಿ.

ಆ ಹಳ್ಳಿಯಿಂದ ಹೊರಡುವ ಮುನ್ನ ನಾವು ಅಲ್ಲಿಯ ಉಪಾಧ್ಯಾಯರೊಡನೆ ಹೊಲಕ್ಕೆ ಹೋಗಿ ಒಂದು ಗಿಡವನ್ನು ಕೀಳಿಸಿದೆವು. ಆ ಹುಡುಗನೇ ಬೇರನ್ನು ತೊಳೆದನು. ಗಂಟುಗಳನ್ನು ಬೆರಳಿನಿಂದ ಮುಟ್ಟುತ್ತ ಬಹಳ ಹೊತ್ತು ಸುಮ್ಮನಿದ್ದನು. ಬಳಿಕ, "ಇವನ್ನ ರೋಗ ಅಂತ ತಿಳಿದಿದ್ದೆರಿ" ಎಂದನು. ಗಿಡ ಕಿತ್ತಾಗಲೆಲ್ಲ ಅವನು ಅವನ್ನು ಕಂಡಿದ್ದನು. ಅವೇ ಇವು ಎಂದು ಹೇಳುವವರು ಮಾತ್ರ ಇರಲಿಲ್ಲ.