ನಾಗರಹೊಳೆಯ ಹಾಡಿಯಿಂದ ವಿಶ್ವಬ್ಯಾಂಕಿಗೊಂದು ದೂರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ‘ಅಂತರರಾಷ್ಟ್ರೀಯ ಸಂಸ್ಥೆಗಳು’ ಎಂಬ ಅಧ್ಯಾಯ ಚಿರಪರಿಚಿತ. ಸಂಸ್ಥೆ ಯಾವ ವರ್ಷ ಹುಟ್ಟಿತು, ಕೇಂದ್ರ ಕಚೇರಿ ಎಲ್ಲಿದೆ ಎಂದು ಬಾಯಿಪಾಠ ಮಾಡಿ ಪುಟ ತಿರುಗಿಸುತ್ತೇವೆ. ಕಾನೂನಿನ ಆಳ್ವಿಕೆ ಬಲಪಡಿಸಲು ದೇಶಗಳು ಕೈಜೋಡಿಸುವುದಕ್ಕೂ ನಮ್ಮ ಹುಣಸೂರು, ಎಚ್.ಡಿ. ಕೋಟೆಗೂ ಏನು ಸಂಬಂಧ ಎಂದು ಅನಿಸುವುದು ಸಹಜ. ಆದರೆ 1998ರ ಏಪ್ರಿಲ್‌ನಲ್ಲಿ ನಾಗರಹೊಳೆಯ ಆದಿವಾಸಿಗಳ ಪರವಾಗಿ ಒಂದು ದೂರು ವಾಷಿಂಗ್ಟನ್ ತಲುಪಿತ್ತು. ದೂರು ವಿಶ್ವಬ್ಯಾಂಕಿನ ವಿರುದ್ಧವಾಗಿತ್ತು. ಅದನ್ನು ಸ್ವೀಕರಿಸಿದ್ದು ಬ್ಯಾಂಕಿನದೇ ತಪಾಸಣಾ ಸಮಿತಿ.

ಹಿನ್ನೆಲೆ ಹೀಗಿದೆ. ಹುಣಸೂರು, ಎಚ್.ಡಿ. ಕೋಟೆ ಮತ್ತು ಕೊಡಗಿಗೆ ಹರಡಿರುವ ಕಾಡಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳು ತಲೆತಲಾಂತರದಿಂದ ಬದುಕಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೆ ಜೇನು ಕೊಯ್ಯುವುದು, ಗೆಡ್ಡೆ ಅಗೆಯುವುದು, ಬೇಸಾಯ ಮಾಡುವುದು ಒಂದೊಂದಾಗಿ ಅಪರಾಧಗಳ ಪಟ್ಟಿಗೆ ಸೇರಿದವು. ಅನೇಕ ಕುಟುಂಬಗಳು ಕಾಡಿನ ಹೊರಗೆ ಬಂದು ಕೂಲಿಯಾದವು. 1996ರಲ್ಲಿ ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನ ‘ಪರಿಸರ ಅಭಿವೃದ್ಧಿ ಯೋಜನೆ’ ಬಂತು. ಸುಮಾರು 6.7 ಕೋಟಿ ಡಾಲರ್ ವೆಚ್ಚದ ಈ ಯೋಜನೆ ದೇಶದ ಏಳು ಸಂರಕ್ಷಿತ ಪ್ರದೇಶಗಳಿಗೆ ಸೇರಿದ್ದು, ಅವುಗಳಲ್ಲಿ ನಾಗರಹೊಳೆಯೂ ಒಂದು.

ಯೋಜನೆ ರೂಪಿಸುವಾಗ ತಮ್ಮನ್ನು ಸರಿಯಾಗಿ ಕೇಳಲಿಲ್ಲ, ಇದರಿಂದ ಒಕ್ಕಲೆಬ್ಬಿಸುವ ದಾರಿ ತೆರೆಯುತ್ತದೆ ಎಂಬುದು ಆದಿವಾಸಿಗಳ ಆತಂಕ. ಅವರ ಸಂಘಟನೆಯಾದ ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಆಗಲೇ ಒಂದು ಕಾನೂನು ಹೋರಾಟ ಗೆದ್ದಿತ್ತು. ಇದೇ ರಾಷ್ಟ್ರೀಯ ಉದ್ಯಾನದೊಳಗೆ ಬರಲಿದ್ದ ತಾಜ್ ಸಮೂಹದ ರೆಸಾರ್ಟ್‌ಗೆ 1997ರಲ್ಲಿ ಕರ್ನಾಟಕ ಹೈಕೋರ್ಟ್ ತಡೆ ಹಾಕಿತ್ತು. ಅರಣ್ಯ ಕಾಯ್ದೆಯನ್ನು ಬಡವನಿಗೆ ತೋರಿಸುವಂತೆ ದೊಡ್ಡವರಿಗೂ ತೋರಿಸಬಹುದು ಎಂದು ಆ ತೀರ್ಪು ಕಲಿಸಿತು. ಮರುವರ್ಷ ಅದೇ ಸಮಿತಿ ವಿಶ್ವಬ್ಯಾಂಕಿನ ಬಾಗಿಲು ತಟ್ಟಿತು.

ಈ ಬಾಗಿಲು ತಾನಾಗಿ ತೆರೆದದ್ದಲ್ಲ. ನರ್ಮದಾ ಕಣಿವೆಯ ಜನರ ಹೋರಾಟದಿಂದಾಗಿ ಬ್ಯಾಂಕ್ ಸ್ವತಂತ್ರ ಪರಿಶೀಲನೆ ನಡೆಸಬೇಕಾಯಿತು. 1992ರ ಮೋರ್ಸ್ ವರದಿ ಸರ್ದಾರ್ ಸರೋವರ ಯೋಜನೆಯ ಲೋಪಗಳನ್ನು ಬಯಲು ಮಾಡಿತು. 1993ರಲ್ಲಿ ತಪಾಸಣಾ ಸಮಿತಿ ಹುಟ್ಟಿತು. ಬ್ಯಾಂಕ್ ತನ್ನ ನಿಯಮಗಳನ್ನೇ ಮುರಿದಿದೆ ಎಂದು ಬಾಧಿತ ಜನ ನೇರವಾಗಿ ದೂರಬಹುದು ಎಂಬುದು ಇದರ ಹೊಸತನ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಫೀಡ್‌ಬ್ಯಾಕ್. ಔಟ್‌ಪುಟ್ ಎಲ್ಲಿ ತಪ್ಪುತ್ತಿದೆ ಎಂಬ ಸುದ್ದಿ ಹಿಂದಕ್ಕೆ ಬರದಿದ್ದರೆ ಯಾವ ವ್ಯವಸ್ಥೆಯೂ ತನ್ನನ್ನು ತಿದ್ದಿಕೊಳ್ಳಲಾರದು.

ಫಲಿತಾಂಶ ಏನಾಯಿತು? ದೂರಿನಲ್ಲಿ ಹುರುಳಿದೆ, ತನಿಖೆ ಅಗತ್ಯ ಎಂದು ಸಮಿತಿ ಶಿಫಾರಸು ಮಾಡಿತು. ಆದರೆ ಬ್ಯಾಂಕಿನ ಆಡಳಿತ ಮಂಡಳಿ ಪೂರ್ಣ ತನಿಖೆಗೆ ಒಪ್ಪಲಿಲ್ಲ. ರಾಜ್ಯ ಸರ್ಕಾರ ಮತ್ತು ಬಾಧಿತರ ಜೊತೆ ಸೇರಿ ಸಮಸ್ಯೆ ಬಗೆಹರಿಸಿ ಎಂದು ತನ್ನ ಅಧಿಕಾರಿಗಳಿಗೆ ಸೂಚಿಸಿ ಸುಮ್ಮನಾಯಿತು. ಅಂತರರಾಷ್ಟ್ರೀಯ ಸಹಕಾರದ ಶಕ್ತಿ ಮತ್ತು ಮಿತಿ ಎರಡೂ ಇಲ್ಲಿ ಕಾಣುತ್ತವೆ. ಹಾಡಿಯ ಮಾತು ವಾಷಿಂಗ್ಟನ್ನಿನ ಕಡತವಾಯಿತು. ಆದರೆ ಆ ಕಡತ ಯಾರಿಗೂ ಭೂಮಿ ಕೊಡಲಿಲ್ಲ.

‘ನಮ್ಮ ದೇಶದ ವಿಷಯದಲ್ಲಿ ಹೊರಗಿನವರ ಮಧ್ಯಪ್ರವೇಶ ಏಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಾಲದ ಒಪ್ಪಂದಕ್ಕೆ ಸಹಿ ಹಾಕಿದ್ದು ನಮ್ಮ ಸರ್ಕಾರವೇ. ಹಣ ಒಳಗೆ ಬರಬಹುದು, ಹಣದ ಜೊತೆಗಿನ ನಿಯಮ ಬರಬಾರದು ಎನ್ನುವುದು ಸರಿಯಲ್ಲ. ಬುಡಕಟ್ಟು ಜನರ ಭೂಮಿಯ ಹಕ್ಕನ್ನು ಗುರುತಿಸುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 107ನೇ ಒಡಂಬಡಿಕೆಯನ್ನು ಭಾರತ 1958ರಲ್ಲೇ ಅನುಮೋದಿಸಿದೆ. ಅದಕ್ಕಿಂತ ಮುಂದುವರಿದ, 1989ರ 169ನೇ ಒಡಂಬಡಿಕೆಗೆ ಮಾತ್ರ ಇನ್ನೂ ಸೇರಿಲ್ಲ. ಬಲವಂತದ ಸ್ಥಳಾಂತರ ಕೂಡದೆನ್ನುವ 2007ರ ವಿಶ್ವಸಂಸ್ಥೆಯ ಘೋಷಣೆಯ ಪರವಾಗಿ ನಮ್ಮ ದೇಶ ಮತ ಹಾಕಿದೆ.

ಹಾಗಾದರೆ ನಿಜವಾದ ಪರೀಕ್ಷೆ ಇರುವುದು ನಮ್ಮ ತಾಲ್ಲೂಕಿನಲ್ಲೇ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಮೊದಲ ಮಾತು ಕೊಟ್ಟಿದೆ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ನಾಗರಹೊಳೆಯಿಂದ ಹೊರಬಂದವರ ಸ್ಥಿತಿ ಅರಿಯಲು ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಗುರುತಿಸಿತು. ಆ ವರದಿ ಜಾರಿಯಾಗಲಿ ಎಂಬ ಬೇಡಿಕೆ ಅಲ್ಲಿಂದೀಚೆಗೆ ಮತ್ತೆ ಮತ್ತೆ ಕೇಳಿಬಂದಿದೆ.

ಹುಲಿ, ಆನೆ ಉಳಿಯಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಶಾಲೆ, ಆಸ್ಪತ್ರೆ, ರಸ್ತೆ ಬೇಕೆಂದು ಸ್ವಂತ ಇಚ್ಛೆಯಿಂದ ಹೊರಬರಲು ಬಯಸುವ ಕುಟುಂಬಗಳೂ ಇವೆ. ಅದೂ ಅವರ ಹಕ್ಕೇ. ಇರುವುದೋ, ಹೊರಡುವುದೋ ಎಂಬುದನ್ನು ಅವರೇ ತಿಳಿದು, ಒಪ್ಪಿ ನಿರ್ಧರಿಸಬೇಕು. ಕಾಯ್ದೆ ಕೇಳುವುದೂ ಅಷ್ಟನ್ನೇ.

ಇಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಕೆಲಸವಿದೆ. ವೈಯಕ್ತಿಕ ಹಕ್ಕಿಗೆ ‘ಎ’ ನಮೂನೆ, ಸಮುದಾಯ ಹಕ್ಕಿಗೆ ‘ಬಿ’, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ‘ಸಿ’ ನಮೂನೆಯಲ್ಲಿ ಅರ್ಜಿ ಹಾಕಬೇಕು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಅರ್ಜಿದಾರರಿಗೆ ತಿಳಿಸಬೇಕು; 60 ದಿನದೊಳಗೆ ಮೇಲ್ಮನವಿ ಹಾಕಲು ಅವಕಾಶವಿದೆ. ದಾಖಲೆ ಇಲ್ಲವೆಂದು ಹಿಂದೆ ಸರಿಯಬೇಕಿಲ್ಲ. ಹಳೆಯ ಬಾವಿ, ಸಮಾಧಿ ಸ್ಥಳ, ದೇವರ ಜಾಗ, ಹಿರಿಯರ ಲಿಖಿತ ಹೇಳಿಕೆ ಎಲ್ಲವೂ ನಿಯಮದ ಪ್ರಕಾರ ಸಾಕ್ಷ್ಯವೇ. ಉಪಗ್ರಹ ಚಿತ್ರ ಇವುಗಳಿಗೆ ಪೂರಕವಾಗಬಹುದು, ಆದರೆ ಇವುಗಳ ಬದಲಿಗೆ ನಿಲ್ಲಬಾರದು ಎಂದು 2012ರ ತಿದ್ದುಪಡಿ ಹೇಳಿದೆ. ತಂತ್ರಜ್ಞಾನ ಓದುವ ನಮಗೆ ಇದು ದೊಡ್ಡ ಪಾಠ. ಜಿಪಿಎಸ್ ಹಿಡಿದು ಗಡಿ ಗುರುತಿಸಲು ನಾವು ನೆರವಾಗೋಣ, ಆದರೆ ಎಪ್ಪತ್ತು ವರ್ಷದ ಅಜ್ಜಿ ತೋರಿಸುವ ಸಮಾಧಿಯನ್ನು ನಮ್ಮ ನಕ್ಷೆ ಅಳಿಸಿಹಾಕದಿರಲಿ.

ನಾಳೆ ನಮ್ಮಲ್ಲೇ ಕೆಲವರು ಪಿಡಿಒ, ತಹಶೀಲ್ದಾರ್, ಅರಣ್ಯಾಧಿಕಾರಿ ಆಗುತ್ತೇವೆ. 107 ಮತ್ತು 169ರ ವ್ಯತ್ಯಾಸ ಬರೆದು ಅಂಕ ಪಡೆದವರ ಮೇಜಿನ ಮೇಲೆ ಇದೇ ‘ಎ’ ನಮೂನೆಯ ಅರ್ಜಿಗಳು ಬಂದು ಕೂರುತ್ತವೆ. ಆಗ ಅವುಗಳನ್ನು ಪೂರ್ತಿ ಓದಿ, ಕಾರಣ ಬರೆದು, ಕಾಲಮಿತಿಯಲ್ಲಿ ಉತ್ತರಿಸಿದರೆ ಹಾಡಿಯವರು ವಾಷಿಂಗ್ಟನ್‌ಗೆ ಪತ್ರ ಬರೆಯಬೇಕಾದ ಅಗತ್ಯ ಬೀಳುವುದಿಲ್ಲ.