ಹಾಲಿನ ಪ್ರೋತ್ಸಾಹಧನಕ್ಕೂ ಒಂದು ಗಡುವು ಬೇಕು

ಶಿವಮೊಗ್ಗ–ಭದ್ರಾವತಿ ಹೆದ್ದಾರಿಯ ಮಾಚೇನಹಳ್ಳಿಯಲ್ಲಿ ಶಿವಮೊಗ್ಗ ಹಾಲು ಒಕ್ಕೂಟದ (ಶಿಮುಲ್) ಡೇರಿ ಇದೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಿಂದ ಬರುವ ಹಾಲನ್ನು ನೆಚ್ಚಿಕೊಂಡ ಒಕ್ಕೂಟವಿದು. ಹಾಲು ತಡವಾದರೆ ಒಡೆಯುತ್ತದೆ, ಹಾಗಾಗಿ ರೈತ ತಡಮಾಡುವಂತಿಲ್ಲ. ಆ ಹಾಲಿಗೆ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಮಾತ್ರ ಎಷ್ಟೋ ಸಲ ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ.

ಈ ಯೋಜನೆಗೆ ಎಲ್ಲ ಪಕ್ಷದವರೂ ಕೈಹಾಕಿದ್ದಾರೆ. 2008ರಲ್ಲಿ ಯಡಿಯೂರಪ್ಪ ಸರ್ಕಾರ 2 ರೂಪಾಯಿ ಕೊಡಲು ಶುರುಮಾಡಿತು. 2013ರಲ್ಲಿ ಸಿದ್ದರಾಮಯ್ಯ ಅದನ್ನು 4ಕ್ಕೆ, 2016ರಲ್ಲಿ 5ಕ್ಕೆ ಏರಿಸಿದರು. 2023ರ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ 7 ರೂಪಾಯಿಯ ಭರವಸೆ ಕೊಟ್ಟಿತು. ಎಷ್ಟು ಕೊಡುತ್ತೇವೆ ಎಂಬುದರ ಮೇಲೆಯೇ ಎಲ್ಲರ ಪೈಪೋಟಿ. ಯಾವತ್ತು ಕೊಡುತ್ತೇವೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಬೆಳಿಗ್ಗೆ ಒಂದು ಗಳಿಗೆ ನಿಂತರೆ ಲೆಕ್ಕ ಎಷ್ಟು ಬಿಗಿ ಎಂಬುದು ಕಾಣುತ್ತದೆ. ಕ್ಯಾನಿನಿಂದ ಅಳತೆಗೆ ಸುರಿದ ಹಾಲಿನಲ್ಲಿ ಸ್ವಲ್ಪ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಕೊಡುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ಎಷ್ಟು ಎಂದು ದಶಾಂಶದವರೆಗೆ ತೋರಿಸುವ ಅಂಕಿಯನ್ನು ಹೆಂಗಸರು ಕಣ್ಣಿಟ್ಟು ನೋಡುತ್ತಾರೆ, ದರ ನಿಂತಿರುವುದೇ ಅದರ ಮೇಲೆ. ಇಷ್ಟು ಕರಾರುವಾಕ್ಕಾದ ವ್ಯವಸ್ಥೆಯಲ್ಲಿ ಹಾಲಿನ ಬಟವಾಡೆಯ ಹಣ ಸಂಘದಿಂದ ಬರುತ್ತದೆ. ಪ್ರೋತ್ಸಾಹಧನಕ್ಕೆ ದಾರಿಯೇ ಬೇರೆ: ಒಕ್ಕೂಟದಿಂದ ಲೆಕ್ಕ ಹೋಗಬೇಕು, ಖಜಾನೆಯಿಂದ ಹಣ ಬಿಡುಗಡೆಯಾಗಬೇಕು, ಆಮೇಲೆ ರೈತರ ಬ್ಯಾಂಕ್ ಖಾತೆಗೆ ಬೀಳಬೇಕು.

ದಿನಕ್ಕೆ 10 ಲೀಟರ್ ಹಾಕುವ ಮನೆಗೆ ಇದು ತಿಂಗಳಿಗೆ 1,500 ರೂಪಾಯಿ. ಆರು ತಿಂಗಳು ನಿಂತರೆ 9,000. ಹಿಂಡಿ, ಬೂಸಾ ಅಂಗಡಿಯವರು ಅಷ್ಟು ದಿನ ಕಾಯುವುದಿಲ್ಲ. ಆ ಮನೆಯವರು ಕೈಸಾಲ ಮಾಡುತ್ತಾರೆ, ಇಲ್ಲವೇ ಹಸುವಿನ ಮೇವಿನಲ್ಲೇ ಹಿಡಿತ ಮಾಡುತ್ತಾರೆ. ಮೇವು ಕಡಿಮೆಯಾದರೆ ಹಾಲೂ ಕಡಿಮೆ. ಹಾಲು ಹೆಚ್ಚಲಿ ಎಂದು ಕೊಡುವ ಹಣ ತಡವಾಗಿ ಬಂದು ಹಾಲನ್ನೇ ಕುಗ್ಗಿಸಿದರೆ ಯೋಜನೆಗೆ ಅರ್ಥವೇನು?

ಕಬ್ಬಿನ ವಿಷಯದಲ್ಲಿ ಕಾನೂನು ಬೇರೆಯೇ ಮಾತಾಡುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಬಿಲ್ ಪಾವತಿಸಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಪಾಲನೆಯಲ್ಲಿ ಲೋಪಗಳಿವೆ, ನಿಜ. ಆದರೂ ಬಾಕಿ ಕೇಳುವಾಗ ಕಬ್ಬು ಬೆಳೆಗಾರನ ಕೈಯಲ್ಲಿ ಒಂದು ಕಾನೂನಿದೆ. ಯುರೋಪಿಯನ್ ಒಕ್ಕೂಟದಲ್ಲಿಯೂ ರೈತರ ನೇರ ಸಹಾಯಧನ ಡಿಸೆಂಬರ್ 1ರಿಂದ ಜೂನ್ 30ರೊಳಗೆ ಮುಟ್ಟಬೇಕು. ಗಡುವು ಮೀರಿದ ದೇಶಕ್ಕೆ ಒಕ್ಕೂಟದಿಂದ ಬರುವ ಮರುಪಾವತಿಯಲ್ಲೇ ಕಡಿತವಾಗುತ್ತದೆ. ತಡಮಾಡಿದವರಿಗೆ ನಷ್ಟ ತಟ್ಟುವಂತೆ ಮಾಡಿದ ಏರ್ಪಾಡು ಅದು.

2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು, ಅದು ರೈತರಿಗೇ ಎಂದು ಸರ್ಕಾರ ಹೇಳಿತು. ಗ್ರಾಹಕರ ಜೇಬಿನಿಂದ ಬರುವ ಆ ಹಣವನ್ನು ತೋರಿಸಿ ಖಜಾನೆಯ ಬಾಕಿಯನ್ನು ಮರೆಸಲಾಗದು. ಹಾಲು ಹೆಚ್ಚಿದ ಕಾಲದಲ್ಲಿ ಒಕ್ಕೂಟಗಳು ಖರೀದಿ ದರ ಇಳಿಸುವುದುಂಟು. ಆಗ ಸಣ್ಣ ರೈತನಿಗೆ ಆಸರೆಯಾಗಬೇಕಾದದ್ದೇ ಈ 5 ರೂಪಾಯಿ.

ಬಜೆಟ್‌ನಲ್ಲಿ ಇಟ್ಟ ಮೊತ್ತದ ಒಂದು ತ್ರೈಮಾಸಿಕದ ಪಾಲನ್ನು ಸರ್ಕಾರ ಮುಂಗಡವಾಗಿಯೇ ಪ್ರತ್ಯೇಕ ಖಾತೆಯಲ್ಲಿ ಇಡಲಿ. ಹಿಂದಿನ ತಿಂಗಳ ಪ್ರೋತ್ಸಾಹಧನ ಮುಂದಿನ ತಿಂಗಳ 15ರೊಳಗೆ ಜಮೆಯಾಗಲಿ, ತಪ್ಪಿದರೆ ಕಬ್ಬಿನಂತೆಯೇ ಬಡ್ಡಿ ಸೇರಲಿ. ಯಾವ ತಿಂಗಳವರೆಗೆ ಹಣ ಬಂದಿದೆ ಎಂಬುದನ್ನು ಪ್ರತಿ ಸಂಘದ ಗೋಡೆಯ ಮೇಲೆ, ಫ್ಯಾಟ್ ದರದ ಪಟ್ಟಿಯ ಪಕ್ಕದಲ್ಲೇ ಬರೆಯಲಿ. 7 ರೂಪಾಯಿಯ ಚರ್ಚೆ ಅದಾದ ಮೇಲೆ ಬರಲಿ.