ಫೋನ್ ಬಂದ್ ಮಾಡಿ ಮಲ್ಕೋ ತಮ್ಮಾ

ಆ ಮೆಸೇಜು ನಿಮ್ಮ ವಾಟ್ಸಪ್ಪಿಗೂ ಒಮ್ಮೆಯಾದರೂ ಬಂದಿರುತ್ತದೆ. "ಇಂದು ರಾತ್ರಿ 12.30ರಿಂದ 3.30ರವರೆಗೆ ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದು ಹೋಗಲಿವೆ. ಮೊಬೈಲ್ ಸ್ವಿಚ್ ಆಫ್ ಮಾಡಿ, ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಬೇಡಿ. ನಿಮ್ಮವರಿಗೆಲ್ಲ ತಿಳಿಸಿ." ಕೆಳಗೆ ಬಿಬಿಸಿ, ನಾಸಾ ಅಂತ ದೊಡ್ಡ ದೊಡ್ಡ ಹೆಸರು. ತಾರೀಖು ಮಾತ್ರ ಇರುವುದಿಲ್ಲ. ಅದಕ್ಕೇ ಇದು ಹತ್ತು ಹದಿನೈದು ವರ್ಷದಿಂದ ಪ್ರತಿ ರಾತ್ರಿಗೂ ಹೊಂದಿಕೊಳ್ಳುತ್ತಿದೆ.

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಅವ್ವ ಹಿರೋಳ್ಳಿಯಿಂದ ಫೋನ್ ಮಾಡಿದಳು. "ತಮ್ಮಾ, ಇವತ್ತ ರಾತ್ರಿ ಫೋನ್ ಬಂದ್ ಮಾಡಿ ಮಲ್ಕೋ. ಅದೇನೋ ಕಿರಣ ಬರ್ಲಕತ್ತಾವಂತ. ಗ್ರೂಪಿನ್ಯಾಗ ಬಂದದ."

ನಾನು ಆಫೀಸಿನಲ್ಲಿದ್ದೆ. "ಆಯ್ತವ್ವಾ" ಅಂದು ನಕ್ಕು ಫೋನ್ ಇಟ್ಟೆ. ಇಂಜಿನಿಯರಿಂಗ್ ಓದಿದ ಮಗ, ಎರಡು ನಿಮಿಷ ಕೂತು ಅದು ಸುಳ್ಳು ಅಂತ ಹೇಳಬಹುದಿತ್ತು. ಹೇಳಲಿಲ್ಲ.

ಆ ದಿನ ಮುತ್ಯಾನನ್ನು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದ್ದರು. ನಮ್ಮೂರು ಮಹಾರಾಷ್ಟ್ರದ ಗಡಿಗೇ ಅಂಟಿಕೊಂಡದ್ದು. ದವಾಖಾನೆ ಅಂದರೆ ಎಷ್ಟೋ ಮಂದಿಗೆ ಸೊಲ್ಲಾಪುರವೇ. ಜೊತೆಗೆ ಕಾಕಾ ಒಬ್ಬನೇ ಇದ್ದ. ರಾತ್ರಿ ಒಂದೂವರೆಗೆ ಮುತ್ಯಾನ ಸ್ಥಿತಿ ಕೆಟ್ಟು, ರಕ್ತ ಬೇಕು ಅಂದರು. ಅಪ್ಪನದೂ ಅದೇ ಗುಂಪಿನ ರಕ್ತ. ಕಾಕಾ ಅಪ್ಪನಿಗೆ ಹಚ್ಚಿದ, ಸ್ವಿಚ್ ಆಫ್. ಅವ್ವನಿಗೆ ಹಚ್ಚಿದ, ಅದೂ ಆಫ್. ಪಕ್ಕದ ಮನೆಯವರದೂ ಆಫ್, ಅವರೂ ಅದೇ ಗ್ರೂಪಿನವರು! ಕೊನೆಗೆ ಬೆಂಗಳೂರಿನಲ್ಲಿದ್ದ ನನಗೆ ಹಚ್ಚಿದ. ನಾನು ಇಲ್ಲಿಂದ ಊರಿನ ಏಳೆಂಟು ಮಂದಿಗೆ ಹಚ್ಚಿದರೆ ಏಳೆಂಟೂ ಬಂದ್. ಆಳಂದದಲ್ಲಿರುವ ಗೆಳೆಯನೊಬ್ಬ ಎದ್ದು, ಬೈಕ್ ಹತ್ತಿ ಹೋಗಿ ಮನೆ ಬಾಗಿಲು ಬಡಿದಾಗ ಮೂರು ಗಂಟೆ. ಅಷ್ಟರಲ್ಲಿ ಆಸ್ಪತ್ರೆಯಲ್ಲೇ ಇದ್ದ ಬೇರೊಬ್ಬ ರೋಗಿಯ ಅಳಿಯ, ಗುರುತಿಲ್ಲ ಪರಿಚಯವಿಲ್ಲ, ತಾನೇ ಮುಂದೆ ಬಂದು ರಕ್ತ ಕೊಟ್ಟಿದ್ದ. ಮುತ್ಯಾ ಉಳಿದ. ಆದರೆ ಆ ಒಂದೂವರೆ ತಾಸು ನನಗೆ ಇನ್ನೂ ನೆನಪಿದೆ.

ಆಮೇಲೆ ನಾನು ಈ ಕಿರಣಗಳ ಬೆನ್ನು ಹತ್ತಿದೆ. ಸುಳ್ಳಿನ ಸಿಟ್ಟಿನಿಂದ ಶುರುವಾದದ್ದು, ಓದುತ್ತಾ ಹೋದಂತೆ ಸಿಟ್ಟು ಇಳಿದು ಬೇರೆಯದೇ ರುಚಿ ಹತ್ತಿತು.

ಮೊದಲಿಗೆ, ವಿಶ್ವಕಿರಣಗಳು ಸುಳ್ಳಲ್ಲ, ಖರೇ ಇವೆ. ಸುಳ್ಳಿರುವುದು ಉಳಿದದ್ದರಲ್ಲಿ. ಅವು ಮಂಗಳದಿಂದ ಬರುವುದಿಲ್ಲ. ಮಂಗಳ ಭೂಮಿಗೆ ತೀರಾ ಹತ್ತಿರ ಬಂದಾಗಲೂ ಐದೂವರೆ ಕೋಟಿ ಕಿಲೋಮೀಟರ್ ದೂರದಲ್ಲಿರುವ ತಣ್ಣನೆಯ ಕಲ್ಲುಗುಂಡು, ಅಂಥ ಕಿರಣ ಹುಟ್ಟಿಸುವ ತಾಕತ್ತು ಅದಕ್ಕಿಲ್ಲ. ಹನ್ನೆರಡೂವರೆಗೆ ಬಂದು ಮೂರೂವರೆಗೆ ಹೋಗುವಂಥವೂ ಅವಲ್ಲ. ನೀವು ಇದನ್ನು ಓದುತ್ತಿರುವಾಗಲೂ ಬೀಳುತ್ತಿವೆ, ನಿಮ್ಮೊಳಗಿಂದ ಹಾದು ನೆಲಕ್ಕಿಳಿಯುತ್ತಿವೆ. ಫೋನ್ ಆಫ್ ಮಾಡಿದರೂ ಅಷ್ಟೇ, ಆನ್ ಇಟ್ಟರೂ ಅಷ್ಟೇ.

ಇನ್ನು ಹೆಸರೇ ಒಂದು ತಪ್ಪು. ಕಿರಣ ಅಂದರೆ ಬೆಳಕಿನಂಥದ್ದು ಅನಿಸುತ್ತದೆ. ಇವು ಕಣಗಳು. ಹೊರಗಿನಿಂದ ಬರುವುದರಲ್ಲಿ ನೂರಕ್ಕೆ ಸುಮಾರು 90 ಪ್ರೋಟಾನುಗಳು, ಅಂದರೆ ಹೈಡ್ರೋಜನ್ನಿನ ಬೀಜ. ಉಳಿದದ್ದರಲ್ಲಿ ಹೆಚ್ಚಿನವು ಹೀಲಿಯಂ ಬೀಜಗಳು, ಕಬ್ಬಿಣದಂಥ ಭಾರದವು ಸ್ವಲ್ಪ. ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಬಂದು ನಮ್ಮ ವಾತಾವರಣಕ್ಕೆ ಡಿಕ್ಕಿ ಹೊಡೆಯುತ್ತವೆ. ಆ ಪೆಟ್ಟಿಗೆ ಗಾಳಿಯ ಪರಮಾಣುಗಳು ಒಡೆದು ಹೊಸ ಕಣಗಳ ಮಳೆ. ಅದರಲ್ಲಿ ನೆಲದವರೆಗೂ ಬಂದು ತಲುಪುವವು ಮುಖ್ಯವಾಗಿ ಮ್ಯೂವಾನ್‌ಗಳು.

ಮ್ಯೂವಾನಿನ ಆಯಸ್ಸು ಒಂದು ಸೆಕೆಂಡಿನ ಹತ್ತು ಲಕ್ಷದ ಎರಡು ಭಾಗದಷ್ಟು. ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್ ದಾಟಲಾಗದು. ಹುಟ್ಟುವುದು ಮಾತ್ರ ಹತ್ತು ಹದಿನೈದು ಕಿಲೋಮೀಟರ್ ಮೇಲೆ. ಹಾಗಾದರೆ ನೆಲಕ್ಕೆ ಹ್ಯಾಗೆ ಬಂತು? ಐನ್‌ಸ್ಟೈನ್ ಹೇಳಿದ್ದು ಇದನ್ನೇ: ಅಷ್ಟು ವೇಗದಲ್ಲಿ ಓಡುವುದರ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗಿ ನಡೆಯುತ್ತದೆ. ಕಾಲೇಜಿನಲ್ಲಿ ಈ ಸೂತ್ರ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ಅದರ ಸಾಕ್ಷಿ ನನ್ನ ಅಂಗೈಯೊಳಗಿಂದಲೇ ಹಾದು ಹೋಗುತ್ತಿದೆ ಅಂತ ಯಾರೂ ಹೇಳಿರಲಿಲ್ಲ.

ಇವು ಮೇಲಿಂದ ಬರುತ್ತವೆ ಅಂತ ಗೊತ್ತಾದದ್ದು 1912ರ ಆಗಸ್ಟ್ 7ರಂದು. ಗಾಳಿಯಲ್ಲಿ ಸದಾ ಒಂಚೂರು ವಿದ್ಯುದಂಶ ಯಾಕಿರುತ್ತದೆ ಎಂಬುದು ಆಗಿನ ಪ್ರಶ್ನೆ. ನೆಲದೊಳಗಿನ ವಿಕಿರಣವೇ ಕಾರಣ ಅಂತ ಎಲ್ಲರ ಎಣಿಕೆ. ಆಸ್ಟ್ರಿಯಾದ ವಿಕ್ಟರ್ ಹೆಸ್ ಬಲೂನು ಹತ್ತಿ ಐದು ಕಿಲೋಮೀಟರಿಗೂ ಮೇಲಕ್ಕೆ ಹೋದ. ನೆಲ ದೂರವಾದಂತೆ ಕಡಿಮೆಯಾಗಬೇಕಿದ್ದದ್ದು ಹೆಚ್ಚಾಗುತ್ತಾ ಹೋಯಿತು. ಸೂರ್ಯನಿಂದ ಬರುತ್ತಿರಬಹುದೇ? ಅದೇ ವರ್ಷದ ಏಪ್ರಿಲ್‌ನಲ್ಲಿ ಸೂರ್ಯಗ್ರಹಣದ ಹೊತ್ತಿಗೂ ಆತ ಬಲೂನು ಹತ್ತಿ ನೋಡಿದ್ದ. ಸೂರ್ಯ ಮರೆಯಾದರೂ ಕಿರಣ ಕಡಿಮೆಯಾಗಿರಲಿಲ್ಲ. 1936ರಲ್ಲಿ ನೊಬೆಲ್ ಬಂತು.

ಸರಿ, ಎಲ್ಲಿಂದ ಬರುತ್ತವೆ? ಇದು ಸುಲಭದ ಪ್ರಶ್ನೆಯಲ್ಲ. ಬೆಳಕಾಗಿದ್ದರೆ ಬಂದ ದಿಕ್ಕಿಗೆ ಬೆರಳು ತೋರಿಸಿ ಆ ನಕ್ಷತ್ರ ಅನ್ನಬಹುದಿತ್ತು. ಇವಕ್ಕೆ ವಿದ್ಯುತ್ ಇದೆ. ಆಕಾಶಗಂಗೆಯ ಕಾಂತಕ್ಷೇತ್ರ ಇವುಗಳನ್ನು ಎಳೆದಾಡಿ, ತಿರುಗಿಸಿ, ಲಕ್ಷಾಂತರ ವರ್ಷ ಅಲೆಸಿ ಕಳಿಸುತ್ತದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಯಾವ ಕಡೆಯಿಂದ ಬಂದಿ ಅಂತ ಕೇಳಿದಂತೆ. ದೊಡ್ಡ ನಕ್ಷತ್ರ ಸಿಡಿದಾಗ ಏಳುವ ಆಘಾತದ ಅಲೆಯಲ್ಲಿ ಕಣಗಳು ಹಿಂದೆ ಮುಂದೆ ಪುಟಿದು ಪುಟಿದು ವೇಗ ಗಳಿಸುತ್ತವೆ ಅನ್ನುವುದು ಹಳೆಯ ಊಹೆ. 2013ರಲ್ಲಿ ಫರ್ಮಿ ದೂರದರ್ಶಕ ಅಂಥ ಎರಡು ಸಿಡಿದ ನಕ್ಷತ್ರಗಳ ಅವಶೇಷದಲ್ಲಿ ಪ್ರೋಟಾನುಗಳ ಗುರುತು ಹಿಡಿಯಿತು. ಆದರೆ ಎಲ್ಲವೂ ಅಲ್ಲಿಂದಲೇ ಅಲ್ಲ. 2021ರ ಮೇ 27ರಂದು ಅಮೆರಿಕದ ಯೂಟಾದಲ್ಲಿ ಸಿಕ್ಕ ಒಂದೇ ಒಂದು ಕಣಕ್ಕೆ ಜಪಾನಿನ ಸೂರ್ಯದೇವತೆ 'ಅಮಾಟೆರಾಸು' ಹೆಸರಿಟ್ಟರು. ಅಷ್ಟು ಅಪಾರ ಶಕ್ತಿಯದು. ಬಂದ ದಿಕ್ಕು ನೋಡಿದರೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಹೆಚ್ಚುಕಡಿಮೆ ಖಾಲಿ ಜಾಗ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ನಮ್ಮ ಕರ್ನಾಟಕದ ಭಾಗ. 1939ರಲ್ಲಿ ಹೋಮಿ ಭಾಭಾ ಕೇಂಬ್ರಿಜ್‌ನಿಂದ ರಜೆಗೆ ಬಂದಿದ್ದರು. ಯುದ್ಧ ಶುರುವಾಗಿ ಇಲ್ಲೇ ಉಳಿದರು. ಆಗ ಅವರಿಗೆ ಸುಮಾರು ನನ್ನದೇ ವಯಸ್ಸು. (ಹೋಲಿಕೆ ಅಲ್ಲಿಗೇ ಮುಗಿಯಿತು ಅನ್ನಿ.) ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗ ಸೇರಿ ವಿಶ್ವಕಿರಣಗಳ ಸಂಶೋಧನಾ ಘಟಕ ಕಟ್ಟಿದರು. ಅದೇ ಕಾಲದಲ್ಲಿ ವಿಕ್ರಂ ಸಾರಾಭಾಯಿ ಕೂಡ ಅಲ್ಲೇ ಇದೇ ವಿಷಯ ಅಭ್ಯಾಸ ಮಾಡುತ್ತಿದ್ದರು. ಅಮೆರಿಕದ ಮಿಲಿಕನ್, 'ಕಾಸ್ಮಿಕ್ ರೇ' ಹೆಸರು ಕೊಟ್ಟವರೇ, ಆ ಚಳಿಗಾಲದಲ್ಲಿ ಬೆಂಗಳೂರಿನಿಂದ ಬಲೂನು ಹಾರಿಸಿದರು. ಭೂಮಿಯ ಕಾಂತಕ್ಷೇತ್ರ ಸಮಭಾಜಕದ ಹತ್ತಿರ ಕಡಿಮೆ ಶಕ್ತಿಯ ಕಣಗಳನ್ನು ತಡೆಯುತ್ತದೆ, ಅದನ್ನು ಅಳೆಯಲು ಬೆಂಗಳೂರು ಒಳ್ಳೆಯ ಜಾಗ. ದೇಶದ ಅಣುವಿಜ್ಞಾನ, ಬಾಹ್ಯಾಕಾಶ ಎರಡನ್ನೂ ಕಟ್ಟಿದವರು ಒಂದೇ ಕ್ಯಾಂಪಸ್ಸಿನಲ್ಲಿ ಈ ಕಣ ಎಣಿಸುತ್ತಿದ್ದರು. ನಾನು ದಿನಾ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದೆ, ಗೊತ್ತೇ ಇರಲಿಲ್ಲ.

ಮುಂದೆ ಬಂದವರು ಬಿ.ವಿ. ಶ್ರೀಕಂಠನ್, 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ಭಾಭಾ ಕಟ್ಟಿದ ಟಿಐಎಫ್‌ಆರ್ ಸೇರಿ, ಐವತ್ತರ ದಶಕದ ಆರಂಭದಲ್ಲಿ ಉಪಕರಣ ಹೊತ್ತು ಕೋಲಾರದ ಚಿನ್ನದ ಗಣಿಗೆ ಇಳಿದರು. ಆಕಾಶದಿಂದ ಬರುವುದನ್ನು ನೋಡಲು ನೆಲದೊಳಗೆ ಯಾಕೆ? ಮೇಲೆ ಗದ್ದಲ ಜಾಸ್ತಿ. ಆಳಕ್ಕೆ ಹೋದಂತೆ ಬಂಡೆಯೇ ಜರಡಿಯಾಗಿ ಬರೀ ಗಟ್ಟಿ ಮ್ಯೂವಾನ್‌ಗಳು ಉಳಿಯುತ್ತವೆ. ಇನ್ನೂ ಆಳಕ್ಕೆ ಹೋದರೆ ಅವೂ ಇಲ್ಲ. ಅರವತ್ತರ ದಶಕದ ಆರಂಭದಲ್ಲಿ ಎರಡೂಮುಕ್ಕಾಲು ಕಿಲೋಮೀಟರಿನಷ್ಟು ಕೆಳಗೆ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂವಾನ್ ಬರಲಿಲ್ಲ.

ಬೇರೆಯವರಾದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರಿಗೆ ಆ ಸೊನ್ನೆಯೇ ಸಿರಿ. ಇಷ್ಟು ಮೌನವಾದ ಜಾಗವಿದ್ದರೆ, ಯಾವ ಬಂಡೆಗೂ ಜಗ್ಗದ ನ್ಯೂಟ್ರಿನೋ ಎಂಬ ಕಣವನ್ನು ಇಲ್ಲೇ ಹಿಡಿಯಬಹುದು. ವಿಶ್ವಕಿರಣ ಗಾಳಿಗೆ ಬಡಿದಾಗ ನ್ಯೂಟ್ರಿನೋಗಳೂ ಹುಟ್ಟುತ್ತವೆ, ಆದರೆ ಅದುವರೆಗೆ ಅವನ್ನು ಯಾರೂ ಕಂಡಿರಲಿಲ್ಲ. ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾಲಯಗಳವರು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದರು. ನೆತ್ತಿಯಿಂದ ಬಂದದ್ದು ಬೇಡ, ಅದು ಮೇಲಿನಿಂದ ಉಳಿದುಬಂದ ಮ್ಯೂವಾನ್ ಇರಬಹುದು. ಅಡ್ಡಲಾಗಿ ಬಂದದ್ದು ಬೇಕು. ಅಷ್ಟು ಬಂಡೆಯನ್ನು ಅಡ್ಡ ದಾಟಿ ಬರಲು ನ್ಯೂಟ್ರಿನೋಗೆ ಮಾತ್ರ ಸಾಧ್ಯ. 1965ರಲ್ಲಿ ಸಿಕ್ಕವು ಬೆರಳಲ್ಲಿ ಎಣಿಸುವಷ್ಟು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಸಿಕ್ಕವು. ಅವರು ಕಂಡದ್ದು ಮೊದಲು, ಆದರೆ ಪ್ರಕಟಣೆಯಲ್ಲಿ ಕೋಲಾರದವರು ಆಗಸ್ಟ್‌ನಲ್ಲಿ ಎರಡು ವಾರ ಮುಂದಿದ್ದರು.

2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ನೀರೆತ್ತುವ ಪಂಪು ನಿಂತವು, ಆ ಮೌನದ ಜಾಗಗಳೀಗ ನೀರೊಳಗೆ. ಈ ಮಾತು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಈಗ ನನ್ನದೊಂದು ತಪ್ಪೊಪ್ಪಿಗೆ. ಕಳೆದ ವರ್ಷ ನಾನು ಬರೆದ ಗೋದಾಮಿನ ಸಾಫ್ಟ್‌ವೇರಿನಲ್ಲಿ ಒಂದು ರಾತ್ರಿ 212 ಚೀಲ ಇರಬೇಕಾದಲ್ಲಿ 16,596 ತೋರಿಸಿತು. ವ್ಯತ್ಯಾಸ 16,384. ಎರಡನ್ನು ಹದಿನಾಲ್ಕು ಸಲ ಗುಣಿಸಿದರೆ ಬರುವ ಸಂಖ್ಯೆ, ಅಂದರೆ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾಗಿದೆ! ನನಗೆ ಬೆಲ್ಜಿಯಂ ನೆನಪಾಯಿತು. 2003ರ ಚುನಾವಣೆಯಲ್ಲಿ ಬ್ರಸೆಲ್ಸ್ ಹತ್ತಿರದ ಸ್ಕಾರ್‌ಬೇಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚಿಗೆ ಬಿದ್ದಿತ್ತು, ಅದೂ ಎರಡರ ಹನ್ನೆರಡನೇ ಘಾತ. ಬೇರೆ ಕಾರಣ ಸಿಗದೆ, ವಿಶ್ವಕಿರಣ ಮೆಮೊರಿಗೆ ಬಡಿದಿರಬೇಕು ಅಂದರು. ಇದು ಕಟ್ಟುಕತೆಯಲ್ಲ. ದೊಡ್ಡ ಸರ್ವರುಗಳ ಮೆಮೊರಿಯಲ್ಲಿ ಇಂಥ ತಪ್ಪು ತಿದ್ದುವ ವ್ಯವಸ್ಥೆ ಇರುತ್ತದೆ. 2025ರ ನವೆಂಬರ್‌ನಲ್ಲಿ ಸೂರ್ಯನ ತೀವ್ರ ವಿಕಿರಣದಿಂದ ಮಾಹಿತಿ ಕೆಡಬಹುದು ಅಂತ ಏರ್‌ಬಸ್ ಸುಮಾರು 6,000 ವಿಮಾನಗಳ ಸಾಫ್ಟ್‌ವೇರ್ ಬದಲಿಸಲು ಹೇಳಿದ್ದು ನಿಮಗೂ ಗೊತ್ತಿರಬಹುದು.

ನಾನು ರಿಪೋರ್ಟಿನಲ್ಲಿ 'ಕಾಸ್ಮಿಕ್ ರೇ ಕಾರಣ' ಅಂತ ಬರೆದು ಹಾಯಾಗಿ ಮಲಗಿದೆ. ಎಲ್ಲರೂ ಬೆರಗಾದರು. ಮೂರು ವಾರದ ನಂತರ ಅದೇ ತಪ್ಪು, ಅದೇ ಬಿಟ್, ಬೇರೆ ಗೋದಾಮು. ವಿಶ್ವಕಿರಣಕ್ಕೆ ಹದಿನಾಲ್ಕನೇ ಬಿಟ್ಟಿನ ಮೇಲೇನು ಮೋಹ? ಕೋಡ್ ತೆರೆದು ನೋಡಿದರೆ, 'ಚೀಲ ತಡೆಹಿಡಿದಿದೆ' ಅನ್ನುವ ಗುರುತನ್ನು ಜಾಗ ಉಳಿಸಲು ಅದೇ ಸಂಖ್ಯೆಯೊಳಗೆ ಆ ಬಿಟ್ಟಿನಲ್ಲಿ ಸಿಕ್ಕಿಸಿದ್ದವ ನಾನೇ. ಒಂದು ಕಡೆ ತೆಗೆದು ಓದಲು ಮರೆತವನೂ ನಾನೇ. ಮ್ಯಾನೇಜರ್ ಮುಂದೆ ಕೂತು ರಿಪೋರ್ಟ್ ವಾಪಸ್ ತಗೊಂಡಾಗ ಕೋಲಾರದ ಆ ಎರಡು ತಿಂಗಳ ಸೊನ್ನೆ ನೆನಪಾಗಿ ಕಿವಿ ಬಿಸಿಯಾಯಿತು.

ಇದನ್ನು ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೂ ಹೇಳಿದೆ. ತೊಗರಿ ಹೂವಿಗೆ ಬಂದಿತ್ತು, ಮಾಳಗಿ ಮೇಲೆ ಕೂತಿದ್ದೆವು. ಅವಳು ನಕ್ಕು, "ನೀನೂ ಅದರ ಮ್ಯಾಲೇ ಹಾಕಿದಿ ಏನು?" ಅಂದಳು. ಅಂಗೈ ಚಾಚು ಅಂದೆ. "ಈಗ ನಿನ್ನ ಕೈಯಾಗಿಂದ ಸೆಕೆಂಡಿಗೆ ಒಂದರಂಗ ಹಾದು ಹೋಗ್ಲಕತ್ತಾವ, ನೀ ಹುಟ್ಟಿದಾಗಿಂದಲೂ." ಅವ್ವ ಸುಮಾರು ಹೊತ್ತು ಕೈ ಹಾಗೇ ಹಿಡಿದಿದ್ದಳು.

"ಏನೂ ಗೊತ್ತಾಗಂಗಿಲ್ಲಲ್ಲೋ."

"ಇಲ್ಲ."

ಮೊನ್ನೆ ಆ ಮೆಸೇಜು ಊರಿನ ಗ್ರೂಪಿಗೆ ಮತ್ತೆ ಬಂತಂತೆ. ಅವ್ವ ರಾತ್ರಿ ಹನ್ನೆರಡೂ ಮುಕ್ಕಾಲಿಗೆ ನನಗೆ ಫೋನ್ ಹಚ್ಚಿದಳು. ನಿದ್ದೆಗಣ್ಣಲ್ಲಿ ಗಾಬರಿಯಾಗಿ ಎದ್ದೆ.

"ಏನಿಲ್ಲೋ, ನಿಂದು ಚಾಲೂ ಅದ ಇಲ್ಲೋ ಅಂತ ನೋಡ್ದೆ."